ತಲೆಸ್ನಾನದ ದಿನ

ಇವತ್ತು ತಲೆಸ್ನಾನ. ಕತ್ತಿನ ಹಿಂದೆ, ಕಾಲರ್ ಉಜ್ಜುವ ಜಾಗದಲ್ಲೇ ಅಂಗಿ ಗುಂಡಿಯಷ್ಟು ದೊಡ್ಡ ಗಂಟು. ಅಗಲ ಹಲ್ಲಿನ ಬಾಚಣಿಗೆಯೂ ಅಲ್ಲಿಗೆ ಬಂದು ನಿಂತುಬಿಟ್ಟಿತು.

ಒದ್ದೆ ಕೂದಲು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ, ಸುಮ್ನೆ ಎಳೆಯುವ ಹಾಗಿಲ್ಲ. ಕಂಡೀಷನರ್ ಹಚ್ಚಿ, ಗಂಟಿನ ಮೇಲ್ಭಾಗವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು (ಬುಡ ನೋಯಬಾರದಲ್ವಾ), ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಾ ಕೂತೆ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಕೈಯೆಲ್ಲ ಜಾರು, ಎತ್ತಲಿಲ್ಲ. ಲಿಫ್ಟ್ ಬರುವುದು ಒಂದು ನಿಮಿಷ ತಡವಾದರೂ ಸಿಡುಕುವ ನನಗೆ ಈ ತಾಳ್ಮೆ ಎಲ್ಲಿಂದ ಬಂತೋ!

ಬಾಚಣಿಗೆ ತುಂಬಾ ಕೂದಲು. ದಿನಕ್ಕೆ 50ರಿಂದ 100 ಉದುರುವುದು ಸಹಜವಂತೆ, ಜಡೆಯೊಳಗೆ ಸಿಕ್ಕಿಕೊಂಡಿದ್ದೆಲ್ಲ ಒಟ್ಟಿಗೆ ಬಂದಿದೆ ಅಷ್ಟೇ. 'ಕತ್ತರಿಸಿಬಿಡೇ' ಅನ್ನುವವರಿಗೆಲ್ಲ ಒಂದೇ ಉತ್ತರ, ಸದ್ಯಕ್ಕಿಲ್ಲ.