ನಮ್ಮ ಆಫೀಸಿನ ಬಿಲ್ಲಿನಲ್ಲಿ ಒಂದು ರೈಲು

ಪ್ರತಿ ವರ್ಷ ಮಾರ್ಚ್ ಬಂದರೆ ನಮ್ಮ ಆಫೀಸಿಗೆ ಒಂದು ಲಕೋಟೆ ಬರುತ್ತದೆ. ಅದನ್ನು ಒಡೆಯುವುದು ನನ್ನ ಪಾಲಿನ ಕೆಲಸ. ಹದಿನಾಲ್ಕು ಜನರ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು ನಾನೊಬ್ಬಳೇ. ಒಳಗಿರುವುದು ಬಿಸಿನೆಸ್ ರೇಟ್ಸ್ ಬಿಲ್ಲು. ಅಂಗಡಿ, ಆಫೀಸು, ಗೋದಾಮು ಇಟ್ಟುಕೊಂಡವರು ಕಟ್ಟುವ ಆಸ್ತಿ ತೆರಿಗೆ ಅಂದುಕೊಳ್ಳಿ. ಲಂಡನ್ನಿಗೆ ಬಂದು ಕೆಲಸಕ್ಕೆ ಸೇರಿದ ಮೊದಲ ವರ್ಷ, 2015ರಲ್ಲಿ, ಆ ಬಿಲ್ಲಿನಲ್ಲಿ ಒಂದು ಸಾಲು ಬೇರೆಯಾಗಿ ಕಂಡಿತು. ಕ್ರಾಸ್‌ರೈಲ್ ಸಪ್ಲಿಮೆಂಟ್, ಅಂದರೆ ಲಂಡನ್ನಿನ ಅಡಿ ಕಟ್ಟುತ್ತಿದ್ದ ಹೊಸ ರೈಲಿಗೆ ಅಂತ ಹೆಚ್ಚುವರಿ ತೆರಿಗೆ, ಪಕ್ಕದಲ್ಲಿ ಒಂದು ಮೊತ್ತ. ಆಗ ರೈಲೂ ಇರಲಿಲ್ಲ, ನಿಲ್ದಾಣವೂ ಇರಲಿಲ್ಲ, ನೆಲದಡಿ ಇನ್ನೂ ಸುರಂಗ ಕೊರೆಯುತ್ತಿದ್ದರು. ಯಾರದೋ ಬಿಲ್ಲು ನಮಗೆ ಬಂದಿದೆ ಅಂತ ಬಾಸ್ ಹತ್ತಿರ ಓಡಿದೆ. ಆಕೆ ನಕ್ಕು, ‘ನಮ್ಮದೇ, ಕಟ್ಟಿಬಿಡು’ ಅಂದರು.

ಆಮೇಲೆ ಕೂತು ಓದಿದೆ. ಲೆಕ್ಕ ಸುಲಭವಾಗಿದೆ. ನಿಮ್ಮ ಜಾಗವನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ಸರ್ಕಾರ ಒಂದು ಅಂದಾಜು ಹಾಕಿರುತ್ತದೆ. ಆ ಅಂದಾಜಿನ ಪ್ರತಿ ಪೌಂಡಿಗೆ 2 ಪೆನ್ಸ್ ರೈಲಿಗೆ. ನಮ್ಮ ಆಫೀಸಿನದು ಈಗ 96,000 ಪೌಂಡ್, ಹಾಗಾಗಿ ವರ್ಷಕ್ಕೆ 1,920 ಪೌಂಡ್ ಹೋಗುತ್ತದೆ. 2010ರ ಏಪ್ರಿಲ್‌ನಲ್ಲಿ ಶುರುವಾದಾಗ 55,000 ಪೌಂಡಿಗಿಂತ ಜಾಸ್ತಿ ಅಂದಾಜಿರುವ ಜಾಗಗಳಿಗೆ ಮಾತ್ರ ಅಂತ ಮಿತಿ ಇಟ್ಟಿದ್ದರು. 2023ರಲ್ಲಿ ಅದನ್ನು 75,000ಕ್ಕೆ ಏರಿಸಿದರು. ಬೀದಿಬದಿಯ ಸಣ್ಣ ಅಂಗಡಿಗಳು ಹೀಗೆ ಬಚಾವ್. ಬರುವ ದುಡ್ಡನ್ನು ನಂಬಿಕೊಂಡು ಲಂಡನ್ ಮೇಯರ್ ಆಡಳಿತ 350 ಕೋಟಿ ಪೌಂಡ್ ಸಾಲ ತೆಗೆಯಿತು. ಆ ಸಾಲ ತೀರುವವರೆಗೂ ಈ ಸಾಲು ಬಿಲ್ಲಿನಿಂದ ಹೋಗುವುದಿಲ್ಲ.

ನಾನು ಹೇಳುತ್ತಿರುವುದು ಈಗ ಎಲಿಜಬೆತ್ ಲೈನ್ ಅಂತ ಕರೆಯುವ ರೈಲಿನ ಬಗ್ಗೆ. ಪಶ್ಚಿಮದಲ್ಲಿ ರೆಡಿಂಗ್ ಮತ್ತು ಹೀಥ್ರೂ ವಿಮಾನ ನಿಲ್ದಾಣ, ಪೂರ್ವದಲ್ಲಿ ಶೆನ್‌ಫೀಲ್ಡ್ ಮತ್ತು ಆಬಿ ವುಡ್, ನಡುವೆ ಲಂಡನ್ನಿನ ಹೊಟ್ಟೆಯೊಳಗೆ ಹೊಸ ಸುರಂಗ. ಕ್ರಾಸ್‌ರೈಲ್ ಅನ್ನುವ ಹೆಸರು 1974ರ ಒಂದು ವರದಿಯಲ್ಲೇ ಇತ್ತಂತೆ. 1991ರಲ್ಲಿ ಮಸೂದೆ ಬಂತು, 1994ರಲ್ಲಿ ಬಿದ್ದುಹೋಯಿತು. 2005ರಲ್ಲಿ ಮತ್ತೆ ಬಂತು, 2008ರಲ್ಲಿ ಕಾಯ್ದೆಯಾಯಿತು. ವರದಿ ಬಂದ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ತಾನೇ ಬಿಸಿನೆಸ್ ರೇಟ್ಸ್ ಕಟ್ಟುತ್ತಿತ್ತೇನೋ.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಕಥೆ ನಾನಿರುವ ಆಗ್ನೇಯ ಲಂಡನ್ನಿನ ವುಲಿಚ್‌ನದು. (ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿದರೆ ವೂಲ್‌ವಿಚ್ ಅನ್ನಬೇಕು, ಹಾಗಂದರೆ ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.) 2005ರ ಮಸೂದೆ ಬಂದಾಗ ವುಲಿಚ್‌ಗೆ ನಿಲ್ದಾಣವೇ ಇರಲಿಲ್ಲ. ರೈಲು ನಮ್ಮ ಕಾಲಡಿಯೇ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಖರ್ಚು ಜಾಸ್ತಿ ಅಂತ ಬಿಟ್ಟಿದ್ದರು. ಇಲ್ಲಿ ಇಂಥ ಮಸೂದೆಗೆ ಒಂದು ವಿಶೇಷ ಪದ್ಧತಿ ಇದೆ. ಯೋಜನೆಯಿಂದ ತೊಂದರೆಯಾಗುವ ಯಾರೇ ಆಗಲಿ ಅರ್ಜಿ ಕೊಟ್ಟು, ಸಂಸತ್ತಿನ ಕಮಿಟಿಯ ಎದುರು ಕೂತು, ತಮ್ಮ ಮಾತು ತಾವೇ ಹೇಳಬಹುದು. ನೂರಾರು ಜನ ಹೇಳಿದರು. ಮನೆ ಅದುರುತ್ತದೆ ಅಂದವರು, ಮಣ್ಣಿನ ಲಾರಿ ನಮ್ಮ ಬೀದಿಗೆ ಬೇಡ ಅಂದವರು, ಎಲ್ಲರೂ. ವುಲಿಚ್ ಪರವಾಗಿಯೂ ವಾದ ನಡೆಯಿತು, ಮತ್ತು 2006ರಲ್ಲಿ ಕಮಿಟಿ ಇಲ್ಲೊಂದು ನಿಲ್ದಾಣ ಆಗಲೇಬೇಕು ಅಂದಿತು. ಸರ್ಕಾರ ದುಡ್ಡಿಲ್ಲ ಅಂತ ಕೈ ಚೆಲ್ಲಿತು.

ಆಮೇಲೆ ನಡೆದದ್ದು ಹಗ್ಗಜಗ್ಗಾಟ. ಕೊನೆಗೆ, ಹಳೇ ಮದ್ದುಗುಂಡಿನ ಕಾರ್ಖಾನೆಯ ಜಾಗದಲ್ಲಿ ಫ್ಲ್ಯಾಟ್ ಕಟ್ಟುತ್ತಿದ್ದ ಬರ್ಕ್ಲಿ ಹೋಮ್ಸ್ ಅನ್ನುವ ಬಿಲ್ಡರ್, ನಿಲ್ದಾಣದ ದೊಡ್ಡ ಕಾಂಕ್ರೀಟ್ ಪೆಟ್ಟಿಗೆಯನ್ನು ನೆಲದಡಿ ತಾನೇ ಕಟ್ಟಿಕೊಡಲು ಒಪ್ಪಿದ. ಧರ್ಮಕ್ಕೇನೂ ಅಲ್ಲ. ಬಾಗಿಲಿಗೇ ರೈಲು ಬಂದರೆ ಅವನ ಫ್ಲ್ಯಾಟಿನ ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ಅವನಿಗೆ ಗೊತ್ತಿರಲ್ವಾ! ಆದರೂ ಆ ಪೆಟ್ಟಿಗೆಯೊಳಗೆ ಮೆಟ್ಟಿಲು, ಲಿಫ್ಟು, ವಿದ್ಯುತ್ ಹಾಕಲು ದುಡ್ಡು ಹೊಂದಿಕೆಯಾದದ್ದು 2013ರಲ್ಲಿ. ಈಗ ನಾನು ಬೆಳಿಗ್ಗೆ ಆ ಪೆಟ್ಟಿಗೆಗೆ ಇಳಿಯುತ್ತೇನೆ, ಎಂಟು ನಿಮಿಷಕ್ಕೆ ಬ್ಯಾಂಕು, ಆಫೀಸುಗಳೇ ತುಂಬಿರುವ ಕೆನರಿ ವಾರ್ಫ್ ಬರುತ್ತದೆ. ಮೊದಲು ಡಿಎಲ್‌ಆರ್ ಅನ್ನುವ ಪುಟ್ಟ ರೈಲಿನಲ್ಲಿ ತಿರುವು ತಿರುವಿಗೂ ಕಂಬ ಹಿಡಿದು ನಿಂತು ಹೋಗುತ್ತಿದ್ದೆ.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. ರೈಲು 2018ರ ಡಿಸೆಂಬರ್‌ನಲ್ಲಿ ಓಡಬೇಕಿತ್ತು. ಆ ವರ್ಷ ಜುಲೈನಲ್ಲಿ ನಮ್ಮ ಮನೆ ಬಾಡಿಗೆ ಏಜೆನ್ಸಿಯಿಂದ ಒಂದು ಕಾಗದ ಬಂತು. ತುಂಬಾ ಮರ್ಯಾದೆಯ ಭಾಷೆ. ಹೊಸ ರೈಲು ಬರುತ್ತಿರುವುದರಿಂದ ಈ ಭಾಗದ ಬೇಡಿಕೆ ಹೆಚ್ಚಿದೆ, ಹಾಗಾಗಿ ತಿಂಗಳಿಗೆ 100 ಪೌಂಡ್ ಜಾಸ್ತಿ. ಗಂಡ ‘ರೈಲಿನಲ್ಲಿ ಉಳಿಯುವ ಟೈಮಿಗೆ ಅಷ್ಟು ಕೊಡಬಹುದು ಬಿಡು’ ಅಂದರು, ಸಹಿ ಹಾಕಿದೆವು. ಆಗಸ್ಟ್ 31ಕ್ಕೆ ಸುದ್ದಿ ಬಂತು, ರೈಲು ಸದ್ಯಕ್ಕಿಲ್ಲ. ಸುರಂಗ ಮುಗಿದಿತ್ತು. ಆದರೆ ನಿಲ್ದಾಣಗಳ ಒಳಕೆಲಸ, ಸಿಗ್ನಲ್‌ಗಳ ಸಾಫ್ಟ್‌ವೇರ್ ಯಾವುದೂ ಸಿದ್ಧವಿರಲಿಲ್ಲ. ಮಧ್ಯೆ ಕೋವಿಡ್ ಬೇರೆ. ರೈಲು ಕೊನೆಗೂ ಓಡಿದ್ದು 2022ರ ಮೇ 24ಕ್ಕೆ. ಅಲ್ಲಿಯವರೆಗೆ, ಇಲ್ಲದ ರೈಲಿಗೆ ನಾವು ತಿಂಗಳು ತಿಂಗಳೂ ಬಾಡಿಗೆ ಕಟ್ಟಿದೆವು. ಆ 100 ಪೌಂಡಿನಲ್ಲಿ ರೈಲಿನ ಸಾಲಕ್ಕೆ ಒಂದು ಪೆನ್ನಿಯೂ ಹೋಗಲಿಲ್ಲ. ನನ್ನ ತಕರಾರು ಇದೇ. ನಮ್ಮ ಆಫೀಸು ಕೊಟ್ಟದ್ದು ರೈಲಿಗೆ ಹೋಯಿತು, ಟಿಕೆಟಿಗೆ ಕೊಟ್ಟದ್ದು ಹೋಯಿತು, ಮನೆಗೆ ಕೊಟ್ಟದ್ದು ಮಾತ್ರ ಸುಮ್ನೆ ಓನರ್ ಜೇಬಿಗೆ. ಹೊಸ ಕಟ್ಟಡ ಕಟ್ಟುವವರಿಂದ ಈ ರೈಲಿಗೆ ಅಂತ 2012ರಿಂದ ಚದರ ಮೀಟರಿಗೆ ಇಷ್ಟು ಅಂತ ವಸೂಲಿ ಇದೆ. ಜಾಗ ನೋಡಿ 20, 35 ಇಲ್ಲವೇ 50 ಪೌಂಡ್ ಅಂತ ಶುರುವಾಗಿತ್ತು. ಹಳೇ ಮನೆ ಇಟ್ಟುಕೊಂಡು ಸುಮ್ಮನೆ ಕೂತವರನ್ನು ಯಾರೂ ಏನೂ ಕೇಳಲಿಲ್ಲ.

ಆಫೀಸಿನಲ್ಲಿ ಉತ್ತರ ಇಂಗ್ಲೆಂಡಿನ ಲೀಡ್ಸ್ ಕಡೆಯವನೊಬ್ಬ ಇದ್ದಾನೆ. ಅವನ ಮುಂದೆ ಈ ರೈಲಿನ ಸುದ್ದಿ ಎತ್ತುವ ಹಾಗಿಲ್ಲ. ಲೀಡ್ಸ್‌ಗೆ ಟ್ರಾಮ್ ಕೊಡುತ್ತೇವೆ ಅಂತ ವರ್ಷಗಟ್ಟಲೆ ಓಡಾಡಿಸಿ, 2005ರಲ್ಲಿ ಖರ್ಚು ಜಾಸ್ತಿಯಾಯಿತು ಅಂತ ಸರ್ಕಾರ ರದ್ದು ಮಾಡಿತು. ಕ್ರಾಸ್‌ರೈಲ್ ಮಸೂದೆ ಬಂದದ್ದೂ ಅದೇ ವರ್ಷ. ಲಂಡನ್ನಿನ ರೈಲಿಗೆ ಒಮ್ಮೆ 1,480 ಕೋಟಿ ಪೌಂಡ್ ಅಂದಿದ್ದು 1,880 ಕೋಟಿ ದಾಟಿದರೂ ಯಾರೂ ರದ್ದು ಮಾಡಲಿಲ್ಲವಲ್ಲ ಅನ್ನುತ್ತಾನೆ. ನಾನು ಲೆಕ್ಕದವಳು, ಬಿಡುತ್ತೇನೆಯೇ? ಸುಮಾರು ಶೇ. 70ರಷ್ಟು ಲಂಡನ್ನಿನವರದೇ ದುಡ್ಡು, ವ್ಯಾಪಾರಿಗಳದು ಶೇ. 40, ಪ್ರಯಾಣಿಕರದು ಶೇ. 30, ಸರ್ಕಾರ ಕೊಟ್ಟದ್ದು ಉಳಿದದ್ದು ಮಾತ್ರ, ಅಂತ ಒಂದು ದಿನ ಬಿಲ್ಲನ್ನೇ ತೆಗೆದು ತೋರಿಸಿದೆ. ಅವನು ಬಿಲ್ಲು ನೋಡಲೂ ಇಲ್ಲ. ‘ಅಷ್ಟು ಕೊಡುವ ವ್ಯಾಪಾರ ಲಂಡನ್ನಿನಲ್ಲಿ ಬೆಳೆದದ್ದು ಹೇಗೆ? ನೂರೈವತ್ತು ವರ್ಷದಿಂದ ನೆಲದಡಿ ರೈಲು ಇದೆ, ಅದಕ್ಕೆ’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಲಂಡನ್ನಿನ ಒಳಗೂ ಈ ಜಗಳ ಇದ್ದೇ ಇದೆ. ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ಗೆ ಈ ರೈಲು ಹೋಗುವುದೇ ಇಲ್ಲ, ಅಲ್ಲಿನ ದೊಡ್ಡ ಅಂಗಡಿಗಳೂ ಅದೇ 2 ಪೆನ್ಸ್ ಕಟ್ಟುತ್ತವೆ.

ಈಗ ನಮ್ಮ ಪಕ್ಕದ ಥೇಮ್ಸ್‌ಮೀಡ್‌ಗೆ ಡಿಎಲ್‌ಆರ್ ಒಯ್ಯುವ ಮಾತು ನಡೆಯುತ್ತಿದೆ, ನದಿಯ ಕೆಳಗೆ ಸುರಂಗ ಕೊರೆದು. 2025ರ ಬೇಸಿಗೆಯಲ್ಲಿ ಜನರ ಅಭಿಪ್ರಾಯ ಕೇಳಿದರು, ನವೆಂಬರ್ ಬಜೆಟ್‌ನಲ್ಲಿ ಸರ್ಕಾರ ಬೆಂಬಲ ಹೇಳಿತು. ಅಭಿಪ್ರಾಯ ಕೇಳುವ ಒಂದು ಸಂಜೆ ನಾನೂ ಹೋಗಿದ್ದೆ. ಗೋಡೆ ತುಂಬ ನಕ್ಷೆ, ಒಂದು ಟೇಬಲ್ಲಿನ ಮೇಲೆ ಫಾರಂ ಮತ್ತು ದಾರಕ್ಕೆ ಕಟ್ಟಿದ ಪೆನ್ನು. ಪಕ್ಕದಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಕೋಟು ಬಿಚ್ಚದೆ ಕೂತು ಫಾರಂ ತುಂಬುತ್ತಿದ್ದರು. 1970ರ ದಶಕದಲ್ಲಿ ಮದುವೆಯಾಗಿ ಥೇಮ್ಸ್‌ಮೀಡ್‌ಗೆ ಬಂದಾಗಲೂ ಭೂಗತ ರೈಲು ಬರುತ್ತದೆ ಅಂದಿದ್ದರಂತೆ. ದುಡ್ಡು ಯಾರು ಕೊಡುತ್ತಾರೆ ಅಂತ ನಾನು ಅಲ್ಲಿದ್ದ ಹುಡುಗನನ್ನು ಕೇಳುತ್ತಿದ್ದೆ. ಹೊಸ ಮನೆಗಳು, ಅವುಗಳಿಂದ ಬರುವ ತೆರಿಗೆ, ಸಾಲ, ಅಂತ ಅವನು ಬಿಡಿಸಿ ಹೇಳುತ್ತಿದ್ದ. ಅಜ್ಜಿ ತಲೆ ಎತ್ತಿ, ‘ಮೊದಲು ಬರಲಿ ಬಿಡಮ್ಮ’ ಅನ್ನುವ ಹಾಗೆ ಕೈ ಆಡಿಸಿದರು. ಆಮೇಲೆ ಫಾರಂ ನನ್ನ ಕಡೆ ತಿರುಗಿಸಿ, ಕನ್ನಡಕ ಮರೆತು ಬಂದಿದ್ದೇನೆ, ಸರಿಯಾಗಿ ಬರೆದಿದ್ದೇನಾ ನೋಡು ಅಂದರು. ಇತರೆ ಸಲಹೆಗಳು ಅನ್ನುವ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಇತ್ತು: ನಿಲ್ದಾಣದಲ್ಲಿ ಟಾಯ್ಲೆಟ್ ಇರಲಿ.