ಮರವನ್ನು ಎಷ್ಟು ದೂರ ಸಾಗಿಸಬಹುದು?

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವರ್ಷಕ್ಕೆ 20 ಕೋಟಿಗೂ ಹೆಚ್ಚು ಸಸಿ ನೆಡುತ್ತಾರೆ. ಆ ಊರಿನ ಕಾಡಿಗೆ ಆ ಊರಿನದೇ ಬೀಜ ಎಂಬುದು ಅಲ್ಲಿನ ಹಳೆಯ ನಿಯಮ. 1990ರ ದಶಕದ ಕೊನೆಯಲ್ಲಿ ಚಳಿ ಸಡಿಲವಾಗಿ ತೊಗಟೆ ಕೊರೆಯುವ ದುಂಬಿಗಳು ಸಾಯದೆ ಉಳಿದವು. ಮುಂದೆ ಅವು 1.8 ಕೋಟಿ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಲಾಡ್ಜ್‌ಪೋಲ್ ಪೈನ್ ಮರಗಳನ್ನು ಕೊಂದವು. ಹವಾಮಾನವೇ ಬಿಸಿಯಾಗುತ್ತಿದ್ದರೆ ಊರಿನ ಬೀಜವೇ ಊರಿಗೆ ಹೊಂದುತ್ತದೆ ಎನ್ನಲಾಗದು; ಹಳೆಯ ನಿಯಮದ ಬುಡವೇ ಅಲುಗಾಡಿತು. 2009ರಲ್ಲಿ ಶುರುವಾದ ಪ್ರಯೋಗದಲ್ಲಿ 15 ಜಾತಿಗಳ 48 ಬೀಜಮೂಲಗಳನ್ನು, ಅಂದರೆ ಬೇರೆ ಬೇರೆ ಕಡೆಯ ಬೀಜದ ಸಸಿಗಳನ್ನು, ಕ್ಯಾಲಿಫೋರ್ನಿಯಾದಿಂದ ಉತ್ತರದ ಯೂಕಾನ್‌ವರೆಗಿನ 48 ತಾಣಗಳಲ್ಲಿ ನೆಟ್ಟರು. 2010ರಲ್ಲಿ ವೆಸ್ಟರ್ನ್ ಲಾರ್ಚ್ ಮರವನ್ನು ಅದರ ಸಹಜ ನೆಲೆಯಾಚೆಗೂ ನೆಡಲು ಸರ್ಕಾರ ಒಪ್ಪಿತು. 2018ರಿಂದ ಬೀಜ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದನ್ನು ನಕ್ಷೆಯ ಗಡಿಯ ಬದಲು ಹವಾಮಾನವನ್ನು ನೋಡಿ ನಿರ್ಧರಿಸುವ ಪದ್ಧತಿ ಬಂತು.

ಇದರಲ್ಲಿ ಹೊಸ ನಾಡಿಗೆ ಹೊಸ ಜಾತಿ ಹೋಗುವುದು ಅಪರೂಪ. ಹೆಚ್ಚಿನ ಪಾಲು ಅದೇ ಜಾತಿಯ ಬೀಜವನ್ನು ತುಸು ಬೆಚ್ಚಗಿನ ಜಾಗದಿಂದ ತರುವ ಕೆಲಸ. ಅಕೇಶಿಯಾ, ಸೀಮೆಜಾಲಿ ತಂದು ಸುರಿದ ನಮ್ಮ ಇತಿಹಾಸವನ್ನು ಇದಕ್ಕೆ ಹೋಲಿಸುವುದು ತಪ್ಪು.

ಲೆಕ್ಕ ಸುಲಭ. ನೂರು ಮೀಟರ್ ಎತ್ತರಕ್ಕೆ ಸರಾಸರಿ ತಾಪಮಾನ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಜಾಗ 1 ಡಿಗ್ರಿ ಬಿಸಿಯಾಗಿದ್ದರೆ ಸುಮಾರು 150 ಮೀಟರ್ ಕೆಳಗಿನ ಬೀಜ, ಇಲ್ಲವೇ ಸಮಶೀತೋಷ್ಣ ವಲಯದಲ್ಲಿ ಅಂದಾಜು 150 ಕಿಲೋಮೀಟರ್ ದಕ್ಷಿಣದ ಬೀಜ ಹೊಂದುತ್ತದೆ. ಎರಡರಲ್ಲಿ ಎತ್ತರದ ಬದಲಾವಣೆಯೇ ಕಡಿಮೆ ಅಪಾಯದ್ದು. ಮರ ಬೆಳವಣಿಗೆ ನಿಲ್ಲಿಸಿ ಚಳಿಗೆ ಸಜ್ಜಾಗುವುದು ಹಗಲಿನ ಉದ್ದ ನೋಡಿ. ಬೆಟ್ಟ ಹತ್ತಿದರೆ ಹಗಲು ಬದಲಾಗುವುದಿಲ್ಲ. ಉತ್ತರಕ್ಕೆ ಹೋದರೆ ಬದಲಾಗುತ್ತದೆ. ದಕ್ಷಿಣದ ಸಸಿ ಕಾಯುವಷ್ಟು ಗಿಡ್ಡ ಹಗಲು ಅಲ್ಲಿ ಬರುವ ಹೊತ್ತಿಗೆ ಶರತ್ಕಾಲ ಮುಗಿಯುತ್ತಾ ಬಂದಿರುತ್ತದೆ. ಆಗಲೂ ಅದರ ತುದಿ ಎಳೆಯದಾಗಿಯೇ ಇರುತ್ತದೆ, ಮೊದಲ ಹಿಮಕ್ಕೆ ಕಪ್ಪಾಗುತ್ತದೆ.

2080ರ ಹವಾಮಾನಕ್ಕೆ ಹೊಂದುವ ಬೀಜವನ್ನು ಇಂದೇ ನೆಡುವ ಆಸೆ ಅದಕ್ಕೇ ಕೆಟ್ಟದು. ಸಸಿ ಮೊದಲು ಇಂದಿನ ಚಳಿಯಲ್ಲಿ ಬದುಕಬೇಕು. ನೆಟ್ಟು 15–20 ವರ್ಷಗಳಾದ ಮೇಲಿನ ಹವಾಮಾನಕ್ಕೆ ಗುರಿಯಿಡುವುದೇ ಸರಿಯಾದ ಹದ ಎನ್ನುವುದು ನಮ್ಮ ಅಭಿಪ್ರಾಯ. ಫ್ರಾನ್ಸಿನ ಲಾಂಡ್ ಪ್ರದೇಶ ಇದಕ್ಕೆ ಸಾಕ್ಷಿ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಪೋರ್ಚುಗಲ್ ಮೂಲದ ಪೈನ್ ಬೀಜ ಬಿತ್ತಿದರು. ದಶಕಗಳ ಕಾಲ ಮರಗಳು ಚೆನ್ನಾಗಿಯೇ ಬೆಳೆದವು. 1985ರ ಜನವರಿಯ ಒಂದೇ ಚಳಿಗೆ ಸುಮಾರು 30,000 ಹೆಕ್ಟೇರ್ ಹೋಯಿತು. ಹತ್ತು ವರ್ಷದ ಸಮೀಕ್ಷೆ ನೋಡಿ ಗೆದ್ದೆವು ಅನ್ನಬಾರದು. ಮರ ಸಾಯುವುದು ಸರಾಸರಿ ತಾಪಮಾನಕ್ಕಲ್ಲ, ಕೆಟ್ಟ ವರ್ಷಕ್ಕೆ.

ನರ್ಸರಿಯಲ್ಲಿ ಮಾಡುವುದು ಹೀಗೆ. ಶಂಕು (ಪೈನ್‌ನಂಥ ಮರಗಳ ಬೀಜ ಹೊತ್ತ ಕಾಯಿ) ಬಿಡಿಸಿ ತೆಗೆದ ಬೀಜವನ್ನು ಶೇ. 5–9 ತೇವಕ್ಕೆ ಒಣಗಿಸಿ −18 ಡಿಗ್ರಿಯಲ್ಲಿ ಇಟ್ಟರೆ ದಶಕಗಟ್ಟಲೆ ಬಾಳುತ್ತದೆ. ಬಿತ್ತುವ ಮೊದಲು 24 ಗಂಟೆ ನೆನೆಸಿ, ನೀರು ಬಸಿದು, 2–5 ಡಿಗ್ರಿ ತಂಪಿನಲ್ಲಿ ಮೂರು–ನಾಲ್ಕು ವಾರ ಇಡಬೇಕು. ಲಾರ್ಚ್, ಡಗ್ಲಸ್ ಫರ್ ಬೀಜಕ್ಕೆ ಇಷ್ಟು ಸಾಕು. ವೈಟ್‌ಬಾರ್ಕ್ ಪೈನ್ ಹಟಮಾರಿ: ಒಂದು ತಿಂಗಳು ಬೆಚ್ಚಗೆ, ನಂತರ ಮೂರು ತಿಂಗಳು ತಣ್ಣಗೆ ಇಟ್ಟು, ಸಿಪ್ಪೆಗೆ ಸಣ್ಣ ಗೀರು ಹಾಕಿದರೇ ಮೊಳೆಯುವುದು. ಶರತ್ಕಾಲದಲ್ಲಿ ಸಸಿಯ ಮಾದರಿಗಳನ್ನು −18 ಡಿಗ್ರಿಗೆ ಒಡ್ಡಿ ಎಲೆ ಎಷ್ಟು ಹಾಳಾಯಿತೆಂದು ನೋಡುತ್ತಾರೆ. ಹಾನಿ ಕಡಿಮೆಯಿದ್ದರೆ ಮಾತ್ರ ಸಸಿಗಳನ್ನು ಕಿತ್ತು, ನೆಡುವವರೆಗೆ ಶೈತ್ಯಾಗಾರಕ್ಕೆ. ದಕ್ಷಿಣದ ಬೀಜಮೂಲ ಈ ಪರೀಕ್ಷೆಯಲ್ಲಿ ತಡವಾಗಿ ಪಾಸಾದರೆ ಅದೇ ಮೊದಲ ಎಚ್ಚರಿಕೆ.

ನೆಡುವಾಗ ಸ್ಥಳೀಯ ಬೀಜದ ಸಸಿಯನ್ನೂ ಹೋಲಿಕೆಗೆ ನೆಲದ ಪ್ರತಿ ಪಟ್ಟಿಯಲ್ಲಿ ಇಡಿ; ಇಲ್ಲದಿದ್ದರೆ ಸತ್ತದ್ದು ಬೀಜದಿಂದಲೋ ಆ ವರ್ಷದ ಹವೆಯಿಂದಲೋ ಗೊತ್ತಾಗದು. 2.5 ಮೀಟರ್ ಚೌಕದಲ್ಲಿ ಹೆಕ್ಟೇರಿಗೆ 1,600 ಸಸಿ. ತಣ್ಣನೆ ಗಾಳಿ ಇಳಿದು ನಿಲ್ಲುವ ತಗ್ಗು ಬೇಡ. ರೋಗವನ್ನೂ ನೋಡಿ: ಒಣ ಒಳನಾಡಿನ ಡಗ್ಲಸ್ ಫರ್ ಅನ್ನು ತೇವದ ಕರಾವಳಿಗೆ ಒಯ್ದರೆ ತಾಪಮಾನ ಹೊಂದಿದರೂ ಎಲೆಶಿಲೀಂಧ್ರ ಹಿಡಿದು ಸೂಜಿಯಂಥ ಎಲೆಗಳು ಉದುರುತ್ತವೆ.

ಇದನ್ನು ಪಶ್ಚಿಮ ಘಟ್ಟಕ್ಕೆ ಹಾಗೆಯೇ ತರಲಾಗದು. ಸಾಲುಧೂಪ, ರಾಂಪತ್ರೆಯ ಬೀಜ ಒಣಗಿದರೆ ಸಾಯುತ್ತದೆ, ಫ್ರೀಜರ್‌ನಲ್ಲಿ ಇಡುವ ಮಾತೇ ಇಲ್ಲ; ಬಿದ್ದ ಕೆಲವೇ ದಿನಗಳಲ್ಲಿ ತೇವದಲ್ಲೇ ಸಾಗಿಸಿ ಬಿತ್ತಬೇಕು. ಇಲ್ಲಿ ಮರವನ್ನು ತಡೆಯುವುದು ಹಿಮವಲ್ಲ, ಮಳೆಯಿಲ್ಲದ ತಿಂಗಳುಗಳು. ಘಟ್ಟದಲ್ಲಿ ಉತ್ತರಕ್ಕೆ ಹೋದಂತೆ ಒಣ ತಿಂಗಳು ಹೆಚ್ಚುತ್ತವೆ. ಹಾಗಾಗಿ ಬೇಸಿಗೆ ಉದ್ದವಾಗುತ್ತಿದ್ದರೆ ಕೊಡಗಿನಲ್ಲಿ ಪ್ರಯೋಗಕ್ಕೆ ಬೇಕಾದದ್ದು ಉತ್ತರ ಕನ್ನಡದಂಥ ಕಡೆಯ ಅದೇ ಜಾತಿಯ ಬೀಜ, ಕೇರಳದ್ದಲ್ಲ. ಕೆನಡಾದಲ್ಲಿ ಬೀಜ ಉತ್ತರಕ್ಕೆ ಹೊರಟರೆ ಇಲ್ಲಿ ದಕ್ಷಿಣಕ್ಕೆ ಬರಬೇಕಾದೀತು. ಅದಕ್ಕೆ ಮೊದಲು ನಮ್ಮ ನರ್ಸರಿಗಳ ಪ್ರತಿ ಬೀಜದ ಚೀಲಕ್ಕೂ ತಾಯಿಮರದ ಊರು, ಎತ್ತರ, ಕೊಯ್ದ ತಿಂಗಳು, ಎಷ್ಟು ಮರಗಳಿಂದ ಆರಿಸಿದ್ದು ಎಂಬ ಚೀಟಿ ಬೇಕು.