ರಾಗಿ ಬೀಸುವ ಅಜ್ಜಿಯನ್ನು ಬಿಟ್ಟುಕೊಟ್ಟ ಮೇಲೆ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಮೊದಮೊದಲು ಅಂತರ್ಜಾಲಕ್ಕೆ ಹಾಕುವ ಪ್ರತಿ ಚಿತ್ರವನ್ನೂ, ಯಾರಾದರೂ ಕದ್ದಾರೆಂಬ ಹೆದರಿಕೆಯಿಂದ, ಕುಗ್ಗಿಸಿ ನಟ್ಟನಡುವೆ ನನ್ನ ಹೆಸರಿನ ವಾಟರ್‌ಮಾರ್ಕ್ ಒತ್ತುತ್ತಿದ್ದೆ. ಕಳವೇನೋ ಆಗಲಿಲ್ಲ, ಕೆಲಸ ಕೇಳಿಕೊಂಡು ಬಂದವರೂ ಇಲ್ಲ.

ಫ್ರಾನ್ಸಿನ ಚಿತ್ರಕಾರ ಡೇವಿಡ್ ರೆವುವಾ 2014ರಿಂದ ‘ಪೆಪ್ಪರ್ ಅಂಡ್ ಕ್ಯಾರಟ್’ ಎಂಬ ಚಿತ್ರಕಥೆಯನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದು, ಓದುಗರು ಇಷ್ಟಪಟ್ಟು ಕೊಡುವ ಹಣದಿಂದ ಅದನ್ನು ಮುಂದುವರಿಸುತ್ತಿದ್ದಾರೆಂದು ತಿಳಿದ ಮೇಲೆ ನನ್ನ ಹಟ ಸಡಿಲವಾಯಿತು. 2016ರಲ್ಲಿ ಗ್ಲೆನಾ ಪ್ರಕಾಶನ ಅದನ್ನು ಪುಸ್ತಕವಾಗಿಯೂ ತಂದಿತು. ನಮ್ಮಲ್ಲಿ ಓದುಗರ ವಂತಿಗೆಯನ್ನೇ ನಂಬಿ ಬದುಕುವುದು ಕಷ್ಟ ಎನಿಸಿದರೂ, ಕೆಲವು ಚಿತ್ರಗಳನ್ನಾದರೂ ಉಚಿತ ಬಳಕೆಗೆ ಬಿಟ್ಟು ಅರ್ಧದಷ್ಟು ದಾರಿ ಹಿಡಿಯಬಹುದೆಂದುಕೊಂಡೆ.

ಹಾಗೆ ಬಿಟ್ಟುಕೊಟ್ಟ ಮೊದಲ ಚಿತ್ರ ರಾಗಿ ಬೀಸುವ ಅಜ್ಜಿಯದು: ಕಲ್ಲಿನ ಗೂಟ ಹಿಡಿದ ಕೈಯ ನರಗಳು, ಸೆರಗಿಗೆ ಹತ್ತಿದ ಹಿಟ್ಟು. ವಾಣಿಜ್ಯ ಬಳಕೆ ಕೂಡದೆಂಬ ಷರತ್ತನ್ನು ಮೊದಲು ಹಾಕಿದ್ದೆ. ಕ್ಯಾಲೆಂಡರ್ ಮುದ್ರಿಸುವವರೊಬ್ಬರು ಅದನ್ನು ಓದಿ ಸುಮ್ಮನೆ ಹಿಂದೆ ಸರಿದರು. ಆಮೇಲೆ ಷರತ್ತು ತೆಗೆದು, ಹೆಸರು ನಮೂದಿಸಿದರೆ ಯಾರು ಬೇಕಾದರೂ ಬಳಸಬಹುದೆನ್ನುವ ಸಿಸಿ ಬಿವೈ 4.0 (ಕ್ರಿಯೇಟಿವ್ ಕಾಮನ್ಸ್) ಎಂಬ ಮುಕ್ತ ಪರವಾನಗಿಯಲ್ಲಿ ಮುದ್ರಣಕ್ಕೆ ಒದಗುವ 300 ಡಿಪಿಐ ಪ್ರತಿಯನ್ನೇ ಹಾಕಿದೆ. ಯಾವುದೋ ಪೌಷ್ಟಿಕ ಆಹಾರದ ಕೈಪಿಡಿಯಲ್ಲಿ ಅಜ್ಜಿ ಅಚ್ಚಾದಳು. ಚಿತ್ರದ ಕೆಳಗಿನ ಸಣ್ಣಕ್ಷರದ ಹೆಸರು ನೋಡಿ ಬೇರೊಂದು ಸಂಸ್ಥೆಯವರು ಫೋನ್ ಮಾಡಿ, “ಮೇಡಂ, ಇದೇ ಅಜ್ಜಿ ಹೊಲದಲ್ಲಿ, ಸಂತೆಯಲ್ಲಿ, ಅಂಗನವಾಡಿಯಲ್ಲಿ ಇರುವ ಹಾಗೆ ಹನ್ನೆರಡು ಚಿತ್ರ ಬೇಕಿತ್ತು” ಎಂದರು. ಆ ಹನ್ನೆರಡಕ್ಕೂ ಪೂರ್ಣ ದರ ಪಡೆದೆ. ಎರಡು ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿತ್ತು. ಲೇಯರ್ (ಬಿಡಿಬಿಡಿಯಾಗಿ ತಿದ್ದಬಹುದಾದ ಪದರ) ಇರುವ ಮೂಲ ಫೈಲಿಗೆ ಬೇರೆ ದರ.

ಪರವಾನಗಿಯ ಹೆಸರು ಕೇಳಿಯೇ ಹುಬ್ಬೇರಿಸುವ ಗಿರಾಕಿಗಳಿಗೆ, ಬೆಂಗಳೂರಿನ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ, ಮುಕ್ತ ಪರವಾನಗಿಯ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್ ತೋರಿಸುತ್ತೇನೆ; ಅಲ್ಲಿನ ಕನ್ನಡ ಕಥೆಗಳನ್ನು ಕಂಡ ಮೇಲೆ ವಾದ ಕಡಿಮೆಯಾಗುತ್ತದೆ.

ತೊಂದರೆಯೇ ಇಲ್ಲವೆಂದಲ್ಲ. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು. ಆದ್ದರಿಂದ ಹಕ್ಕು ನನ್ನಲ್ಲೇ ಉಳಿದಿದೆಯೇ ಎಂದು ಒಪ್ಪಂದ ಓದಿಯೇ ಮುಂದುವರಿಯುತ್ತೇನೆ. ಒಂದು ಪತ್ರಿಕೆ ನನ್ನ ಹೆಸರನ್ನೇ ಬಿಟ್ಟಿತ್ತು. ಸಿಟ್ಟು ನೆತ್ತಿಗೇರಿತ್ತಾದರೂ, ತಪ್ಪು ಅರಿವಿಗೆ ಬಂದ 30 ದಿನಗಳೊಳಗೆ ಸರಿಪಡಿಸಿದರೆ ಬಳಕೆಯ ಹಕ್ಕು ತಾನಾಗಿ ಮರಳುತ್ತದೆಂಬ ನಿಯಮವನ್ನು ತಿಳಿಸಿ ನಾಲ್ಕು ಸಾಲು ಬರೆದೆ. ವಾರದೊಳಗೆ ಹೆಸರು ಸೇರಿತು.

ಆ ಹನ್ನೆರಡರಲ್ಲಿ ಸಂತೆಯ ಚಿತ್ರವನ್ನು ಮಾತ್ರ ಒಂದು ವರ್ಷದ ಬಳಿಕ ನಾನೇ ಬಿಡುಗಡೆ ಮಾಡಬಹುದೆಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದೆ. ಮುಂದಿನ ತಿಂಗಳಿಗೆ ಆ ವರ್ಷ ತುಂಬುತ್ತದೆ.